ಆರ್ಡರ್ ಇಳಿದಿದೆ, ಬಾಕಿ ಏರಿದೆ: ಉದ್ಯಮಬಾಗದ ಸಣ್ಣ ಮಷಿನ್ ಶಾಪ್ ಈ ವರ್ಷ ದಾಟಲು ಯಾವ ಕೆಲಸ ಮೊದಲು?

ಟರ್ನಿಂಗ್_ಉದ್ಯಮಬಾಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಉದ್ಯಮಬಾಗದಲ್ಲಿ ಬಾಡಿಗೆ ಶೆಡ್ಡು. ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್, ಒಂದು ವಿಎಂಸಿ (ಮಿಲ್ಲಿಂಗ್ ಮಷಿನ್), ಮಷಿನ್ ಹೊಂದಿಸುವ ಸೆಟ್ಟರ್ ಸೇರಿ 10 ಜನ. ಹೈಡ್ರಾಲಿಕ್ ಬಿಡಿಭಾಗ ನಮ್ಮದೇ ಮಾಲಿನಲ್ಲಿ ಮಾಡುತ್ತೇವೆ, ಫೌಂಡ್ರಿಗಳ ಕಾಸ್ಟಿಂಗ್ (ಎರಕದ ಮಾಲು) ಜಾಬ್ ವರ್ಕ್‌ಗೆ, ಅಂದರೆ ಕೂಲಿ ಕೆಲಸಕ್ಕೆ ಬರುತ್ತದೆ. ತಿಂಗಳಿಗೆ 14 ಲಕ್ಷ ಇದ್ದ ಬಿಲ್ಲಿಂಗ್ ಮೂರು ತಿಂಗಳಿಂದ 8.5 ಲಕ್ಷಕ್ಕೆ ನಿಂತಿದೆ.

ಈಗಿನ ತಿಂಗಳ ಖರ್ಚು: ಮಾಲು 3 ಲಕ್ಷ, ಇನ್ಸರ್ಟ್, ಕೂಲಂಟ್ 50 ಸಾವಿರ, ಪಗಾರ ಇಎಸ್‌ಐ ಸೇರಿ 2.25 ಲಕ್ಷ, ಕರೆಂಟ್ 75 ಸಾವಿರ, ಬಾಡಿಗೆ 45 ಸಾವಿರ, ವಿಎಂಸಿ ಸಾಲದ ಕಂತು 68 ಸಾವಿರ (ಇನ್ನೂ 31 ಕಂತು), ಸಿಸಿ (ಕ್ಯಾಶ್ ಕ್ರೆಡಿಟ್, ಬೇಕಾದಾಗ ಎತ್ತಿ ತುಂಬುವ ಬ್ಯಾಂಕ್ ಸಾಲ) ಬಡ್ಡಿ 25 ಸಾವಿರ, ಸೊಸೈಟಿ ಬಡ್ಡಿ 7 ಸಾವಿರ, ಟೆಂಪೋ 20 ಸಾವಿರ, ಆಫೀಸು 15 ಸಾವಿರ, ಮನೆಗೆ 90 ಸಾವಿರ.

ಬ್ಯಾಂಕಿನ ಸಿಸಿ ಲಿಮಿಟ್ 30 ಲಕ್ಷ, ಅದರಲ್ಲಿ 29 ಎತ್ತಿದ್ದೇವೆ. ಗಿರಾಕಿಗಳಿಂದ ಬರಬೇಕಾದ್ದು 38 ಲಕ್ಷ. ಅದರಲ್ಲಿ 21 ಲಕ್ಷ ಪುಣೆಯ ಒಬ್ಬನೇ ಗಿರಾಕಿಯ ಹತ್ತಿರ, 120 ದಿನ ದಾಟಿದೆ. ಸ್ಟಾಕ್ 9 ಲಕ್ಷ, ನಾವು ಕೊಡಬೇಕಾದ್ದು 6 ಲಕ್ಷ. ಒಂದು ಪತ್ತಿನ ಸೊಸೈಟಿಯಲ್ಲಿ ಮನೆಯ ಬಂಗಾರ ಇಟ್ಟು 6 ಲಕ್ಷ ಸಾಲ, ಶೇ 14. ಇನ್ನೊಂದು ಸೌಹಾರ್ದದಲ್ಲಿ ಆಪತ್ತಿಗೆ ಅಂತ 7 ಲಕ್ಷ ಠೇವಣಿ, ಶೇ 9.

ಮೂರು ಜನರನ್ನು ತೆಗೆಯಬೇಕೆ? ಹಳೆಯ ಸಿಎನ್‌ಸಿ ಒಂದನ್ನು ಮಾರಬೇಕೆ? ಆರು ತಿಂಗಳು ಕಂತು ನಿಲ್ಲಿಸಲು ಬ್ಯಾಂಕನ್ನು ಕೇಳಬೇಕೆ? ಒಂದು ಹೊಸ ಕೆಲಸ ಕಡಿಮೆ ರೇಟಿಗೆ ಬಂದಿದೆ, ಹಿಡಿಯಲೆ? ಯಾವುದು ಮೊದಲು ಮಾಡಬೇಕು ಅನ್ನುವುದೇ ತಿಳಿಯುತ್ತಿಲ್ಲ.

---

ಸಾಲವಿಭಾಗ_ನಿವೃತ್ತ:

ಅಂಕಿ ಪೂರ್ತಿ ಕೊಟ್ಟಿದ್ದೀರಿ, ಅದಕ್ಕೆ ಧನ್ಯವಾದ. ಕೂಡಿಸಿದರೆ ಖರ್ಚು 9.20 ಲಕ್ಷ, ಬಿಲ್ಲಿಂಗ್ 8.50. ತಿಂಗಳ ಕೊರತೆ 70 ಸಾವಿರ. ಪುಣೆಯಲ್ಲಿ ಸಿಕ್ಕಿಬಿದ್ದದ್ದು 21 ಲಕ್ಷ, ಅಂದರೆ ಮೂವತ್ತು ತಿಂಗಳ ಕೊರತೆಯಷ್ಟು. ಜನರನ್ನು ತೆಗೆಯುವುದು, ಮಷಿನ್ ಮಾರುವುದು ಎಲ್ಲ 70 ಸಾವಿರದ ಸುತ್ತಲಿನ ಮಾತು. ನಿಜವಾದ ಅಪಾಯ ನೀವು ಕೇಳದೇ ಇರುವ ಕಡೆ ಇದೆ: ಸಿಸಿ ಖಾತೆ.

ನಿಮ್ಮ ಲಿಮಿಟ್ 30 ಲಕ್ಷ ಇರಬಹುದು, ಆದರೆ ಎತ್ತಲು ಹಕ್ಕಿರುವುದು ಡ್ರಾಯಿಂಗ್ ಪವರ್‌ನಷ್ಟು ಮಾತ್ರ, ಅಂದರೆ ಸ್ಟಾಕ್ ಮತ್ತು ಗಿರಾಕಿಗಳ ಬಾಕಿಯಲ್ಲಿ ಮಾರ್ಜಿನ್ ಕಳೆದು ಉಳಿದಷ್ಟು. ಮಂಜೂರಾತಿ ಪತ್ರ ತೆಗೆದು ಎರಡು ಸಾಲು ಓದಿ: ಎಷ್ಟು ದಿನದೊಳಗಿನ ಬಾಕಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಮಾರ್ಜಿನ್ ಎಷ್ಟು. ಹೆಚ್ಚಿನ ಕಡೆ 90 ದಿನ, ಮಾರ್ಜಿನ್ ಶೇ 25. ಬಾಕಿಗೆ ಶೇ 40 ಹಿಡಿಯುವ ಬ್ಯಾಂಕೂ ಇವೆ. ಶೇ 25ರಂತೆ ನಿಮ್ಮ ಲೆಕ್ಕ ಹೀಗೆ ಬರುತ್ತದೆ. ಸ್ಟಾಕ್ 9ರಲ್ಲಿ ಕೊಡಬೇಕಾದ 6 ಕಳೆದರೆ 3, ಅದರ ಮುಕ್ಕಾಲು 2.25 ಲಕ್ಷ. ಬಾಕಿ 38ರಲ್ಲಿ ಹಳೆಯ 21 ಹೋದರೆ 17, ಅದರ ಮುಕ್ಕಾಲು 12.75. ಒಟ್ಟು 15 ಲಕ್ಷ. ಎತ್ತಿರುವುದು 29.

ನಿಮ್ಮ ಲೆಕ್ಕದವರು 38 ಲಕ್ಷವನ್ನೂ ಸೇರಿಸಿ ಸ್ಟಾಕ್ ಸ್ಟೇಟ್‌ಮೆಂಟ್ (ಬ್ಯಾಂಕಿಗೆ ಕೊಡುವ ಸ್ಟಾಕ್, ಬಾಕಿಯ ಪಟ್ಟಿ) ಕಳಿಸುತ್ತಿದ್ದರೆ ಬ್ಯಾಂಕಿಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೆ. ಸ್ಟಾಕ್ ಆಡಿಟ್‌ಗೆ ಬಂದವರು ಬಾಕಿಯ ವಯಸ್ಸಿನ ಪಟ್ಟಿ ಕೇಳುತ್ತಾರೆ, ಜಿಎಸ್‌ಟಿ ರಿಟರ್ನ್ ಜೊತೆ ತಾಳೆ ನೋಡುತ್ತಾರೆ. ಆಗ ಅದು ಕಷ್ಟದ ಖಾತೆ ಅನ್ನಿಸಿಕೊಳ್ಳುವುದಿಲ್ಲ, ಸುಳ್ಳು ಲೆಕ್ಕದ ಖಾತೆ ಅನ್ನಿಸಿಕೊಳ್ಳುತ್ತದೆ. ಈ ತಿಂಗಳಿಂದಲೇ ಸರಿಯಾದ ಪಟ್ಟಿ ಕೊಡಿ. ಕೊಡದೆ ಸುಮ್ಮನಿರುವುದೂ ದಾರಿಯಲ್ಲ. ಸ್ಟೇಟ್‌ಮೆಂಟ್ ಮೂರು ತಿಂಗಳಿಗಿಂತ ಹಳೆಯದಾದರೆ ಅದರ ಮೇಲೆ ಎತ್ತಿದ್ದೆಲ್ಲ ಕ್ರಮತಪ್ಪಿದ್ದು ಎಂದೇ ರಿಸರ್ವ್ ಬ್ಯಾಂಕ್ ನಿಯಮ.

ಸಿಸಿ ಖಾತೆ ಎನ್‌ಪಿಎ (ಕೆಟ್ಟ ಸಾಲ) ಆಗುವುದು ಹೀಗೆ: ಎತ್ತಿದ ಮೊತ್ತ ಲಿಮಿಟ್ ಅಥವಾ ಡ್ರಾಯಿಂಗ್ ಪವರ್‌ಗಿಂತ 90 ದಿನ ಸತತ ಮೇಲಿದ್ದರೆ, ಅಥವಾ 90 ದಿನ ಜಮೆಯೇ ಇಲ್ಲದಿದ್ದರೆ, ಅಥವಾ ಜಮೆ ಆದದ್ದು ಆ ಅವಧಿಯ ಬಡ್ಡಿಗೂ ಸಾಲದಿದ್ದರೆ. ಅದಕ್ಕೂ ಮೊದಲು ಎಸ್‌ಎಂಎ ಎಂಬ ಎಚ್ಚರಿಕೆಯ ಮೆಟ್ಟಿಲುಗಳಿವೆ. ವರ್ಗೀಕರಣ ಸಾಲಕ್ಕಲ್ಲ, ಸಾಲಗಾರನಿಗೆ: ವಿಎಂಸಿ ಸಾಲದ ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಅದೇ ಬ್ಯಾಂಕಿನ ಸಿಸಿಯೂ ಅದರೊಂದಿಗೆ ಎನ್‌ಪಿಎ ಆಗುತ್ತದೆ.

ಕಂತು ನಿಲ್ಲಿಸುವ ಪ್ರಶ್ನೆ. ಕೋವಿಡ್ ಕಾಲದ ವಿನಾಯಿತಿ ಈಗ ಇಲ್ಲ. ಕಷ್ಟದ ಕಾರಣಕ್ಕೆ ಕಂತು ಮುಂದೂಡಿದರೆ, ಅವಧಿ ಎಳೆದರೆ ಅದು ಮರುರಚನೆ. ಮರುರಚನೆಯಾದ ಸಾಲ ಸಾಮಾನ್ಯವಾಗಿ ಎನ್‌ಪಿಎ ವರ್ಗಕ್ಕೆ ಇಳಿಯುತ್ತದೆ. ಶೇ 10.5 ಬಡ್ಡಿ ಎಂದುಕೊಂಡರೆ ನಿಮ್ಮ 31 ಕಂತಿನ ಉಳಿದ ಅಸಲು ಸುಮಾರು 18.4 ಲಕ್ಷ. ಅದನ್ನು 48 ತಿಂಗಳಿಗೆ ಎಳೆದರೆ ಕಂತು ಸುಮಾರು 47 ಸಾವಿರ, ಉಳಿತಾಯ 21 ಸಾವಿರ. ಅಷ್ಟಕ್ಕಾಗಿ ಖಾತೆಯ ಹೆಸರು ಕೆಡಿಸಿಕೊಳ್ಳುವುದು ಕೊನೆಯ ಮಾತು. ಕಂತು ತಪ್ಪಿಸಬೇಡಿ.

ಮೊದಲು ಕೇಳಬೇಕಾದ್ದು ಬೇರೆ. 2016ರ ಮಾರ್ಚ್ 17ರ ರಿಸರ್ವ್ ಬ್ಯಾಂಕ್ ಚೌಕಟ್ಟಿನ ಪ್ರಕಾರ 25 ಕೋಟಿವರೆಗಿನ ಸಾಲವಿರುವ ಸಣ್ಣ ಉದ್ಯಮ, ತನಗೆ ಕಷ್ಟ ಬರುವ ಲಕ್ಷಣ ಕಂಡಾಗ ತಾನೇ ಬ್ಯಾಂಕಿಗೆ ಅರ್ಜಿ ಹಾಕಬಹುದು. ಅದರ ಮೊದಲ ಹಂತ ಸರಿಪಡಿಸುವಿಕೆ, ಮರುರಚನೆ ಆಮೇಲೆ. ಅರ್ಜಿಯ ಜೊತೆ ನಾಲ್ಕು ಕಾಗದ: ವಯಸ್ಸಿನ ಪ್ರಕಾರ ಬಾಕಿ ಪಟ್ಟಿ, ಕೈಯಲ್ಲಿರುವ ಆರ್ಡರ್‌ಗಳ ಪಟ್ಟಿ, 13 ವಾರಗಳ ನಗದು ಪಟ್ಟಿ (ಯಾವ ವಾರ ಎಷ್ಟು ರೊಕ್ಕ ಬರುತ್ತದೆ, ಹೋಗುತ್ತದೆ), ಹಳೆಯ 21 ಲಕ್ಷ ವಸೂಲಿಗೆ ಏನು ಮಾಡಿದ್ದೀರಿ ಎಂಬ ಪತ್ರಗಳ ಪ್ರತಿ. ಡ್ರಾಯಿಂಗ್ ಪವರ್ ಮೀರಿ ಎತ್ತಿದ 14 ಲಕ್ಷವನ್ನು ಇಂತಿಷ್ಟು ವಾರದಲ್ಲಿ ಹೀಗೆ ಇಳಿಸುತ್ತೇನೆ ಎಂದು ನೀವೇ ಬರೆದುಕೊಡಿ. ಮ್ಯಾನೇಜರ್‌ಗೆ ಮೇಲೆ ಕಳಿಸಲು ಕಾಗದ ಬೇಕು, ಬಾಯಿಮಾತು ಸಾಲದು.

ಇನ್ನೊಂದು, ಲಿಮಿಟ್ ನವೀಕರಣ ಯಾವ ತಿಂಗಳು ನೋಡಿಕೊಳ್ಳಿ. ವಹಿವಾಟಿನ ಶೇ 20ರ ಸೂತ್ರದಲ್ಲಿ ವರ್ಷಕ್ಕೆ 1.68 ಕೋಟಿಗೆ 33.6 ಲಕ್ಷ ಬರುತ್ತಿತ್ತು. ಈಗಿನ ಓಟದಲ್ಲಿ 1.02 ಕೋಟಿ, ಅಂದರೆ 20.4 ಲಕ್ಷ. ನವೀಕರಣದಲ್ಲಿ ಲಿಮಿಟ್ಟೇ ಇಳಿಯಬಹುದು. ಹೊಸ ಆರ್ಡರ್‌ಗಳ ಪತ್ರ ಕೈಯಲ್ಲಿ ಇಟ್ಟುಕೊಂಡೇ ಹೋಗಿ.

---

ಟರ್ನಿಂಗ್_ಉದ್ಯಮಬಾಗ:

ಸರ್, ಪತ್ರ ತೆಗೆದು ನೋಡಿದೆ. 90 ದಿನ, ಮಾರ್ಜಿನ್ ಶೇ 25, ನೀವು ಹೇಳಿದಂತೆಯೇ ಇದೆ. ಸ್ಟೇಟ್‌ಮೆಂಟ್‌ನಲ್ಲಿ ಎಲ್ಲ ಬಾಕಿ ಒಟ್ಟಿಗೇ ಹೋಗುತ್ತಿತ್ತು. ಈ ತಿಂಗಳು ಸರಿಮಾಡಿಸುತ್ತೇನೆ. ಪುಣೆಯ ಗಿರಾಕಿಗೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮದ ಸರ್ಕಾರಿ ನೋಂದಣಿ) ತೋರಿಸಿ ನೋಟಿಸ್ ಕೊಡಬಹುದೆ? ಅವರ ಒಂದಷ್ಟು ಕಾಸ್ಟಿಂಗ್ ಮತ್ತು ಫಿಕ್ಸ್ಚರ್ (ಮಷಿನ್ ಮೇಲೆ ಮಾಲು ಹಿಡಿಯುವ ಸಾಧನ) ನಮ್ಮ ಶೆಡ್ಡಿನಲ್ಲೇ ಇವೆ, ತಡೆಹಿಡಿಯಲೆ?

---

ಕಾಯ್ದೆ_ಲೆಕ್ಕ_ಗೋಕಾಕ:

ತಡೆಹಿಡಿಯುವ ಮಾತು ಮೊದಲು, ಯಾಕೆಂದರೆ ಎಷ್ಟೋ ಶಾಪ್‌ಗಳು ಇಲ್ಲೇ ಎಡವುತ್ತವೆ. ಕರಾರು ಕಾಯ್ದೆಯ 170ನೇ ಕಲಂ ಪ್ರಕಾರ ಜಾಬ್ ವರ್ಕ್ ಮಾಡಿದವನಿಗೆ, ತಾನು ಕೆಲಸ ಮಾಡಿದ ಅದೇ ಮಾಲನ್ನು ಆ ಕೆಲಸದ ಕೂಲಿ ಬರುವವರೆಗೆ ಇಟ್ಟುಕೊಳ್ಳುವ ಹಕ್ಕಿದೆ. ಹಳೆಯ ಬಾಕಿಗಾಗಿ ಹೊಸ ಕಾಸ್ಟಿಂಗ್ ಹಿಡಿಯುವ ಹಕ್ಕು ಇಲ್ಲ. ಅವರ ಫಿಕ್ಸ್ಚರ್ ಮೇಲಂತೂ ಇಲ್ಲವೇ ಇಲ್ಲ. ಹಿಡಿದರೆ ಅವರು ತಮ್ಮ ಉತ್ಪಾದನೆ ನಿಂತ ನಷ್ಟವನ್ನು ನಿಮ್ಮ ಬಿಲ್ಲಿನಲ್ಲೇ ಮುರಿದುಕೊಳ್ಳಲು ನೆಪ ಸಿಗುತ್ತದೆ. ಮೆಷಿನಿಂಗ್ ಮುಗಿದು, ಇನ್ನೂ ಕಳಿಸದೆ ನಿಮ್ಮ ಹತ್ತಿರವೇ ಇರುವ ಕಾಸ್ಟಿಂಗ್‌ಗಳಿದ್ದರೆ ಅವನ್ನು ಚಲನ್ ನಂಬರ್ ಸಮೇತ ಬೇರೆ ಇಡಿ. ಅವುಗಳ ಕೂಲಿಯ ಮಟ್ಟಿಗೆ ಹಕ್ಕು ಗಟ್ಟಿ.

ಈಗ ನೋಟಿಸ್. 2006ರ ಎಂಎಸ್‌ಎಂಇಡಿ (ಸಣ್ಣ ಉದ್ಯಮಗಳ ಅಭಿವೃದ್ಧಿ) ಕಾಯ್ದೆ, 15ನೇ ಕಲಂ: ಬರೆದ ಒಪ್ಪಂದ ಇದ್ದರೆ ಅದರಲ್ಲಿನ ದಿನ, ಆದರೆ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಅವರ ಪರ್ಚೇಸ್ ಆರ್ಡರ್‌ನಲ್ಲಿ 90 ದಿನ ಎಂದು ಅಚ್ಚಾಗಿದ್ದರೂ ಕಾಯ್ದೆ 45ಕ್ಕೆ ಇಳಿಸುತ್ತದೆ. 16ನೇ ಕಲಂ: ಅಲ್ಲಿಂದ ಮುಂದೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಅಂದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ದರ, ನಿಮ್ಮ ಸಿಸಿ ಬಡ್ಡಿಯಲ್ಲ. ಅದು ಶೇ 5.5 ಇದ್ದ ಕಾಲಕ್ಕೆ 16.5 ಆಗುತ್ತದೆ, 21 ಲಕ್ಷಕ್ಕೆ ಮೊದಲ ತಿಂಗಳು ಸುಮಾರು 28,900.

ಪುಣೆಯವರು ಅಂತ ಹೆದರಬೇಡಿ. 18ನೇ ಕಲಂ ಪ್ರಕಾರ ಮಾರುವವನು ಇರುವ ಜಾಗದ ಮಂಡಳಿಗೆ ಅಧಿಕಾರ, ಕೊಳ್ಳುವವನು ದೇಶದಲ್ಲಿ ಎಲ್ಲೇ ಇರಲಿ. ಅಂದರೆ ಕರ್ನಾಟಕದ ಫೆಸಿಲಿಟೇಶನ್ ಕೌನ್ಸಿಲ್‌ಗೆ ನೀವು ಆನ್‌ಲೈನಿನಲ್ಲಿ ದೂರು ಹಾಕಬಹುದು. ಕಾಯ್ದೆಯಲ್ಲಿ 90 ದಿನ ಎಂದಿದೆ. ವಾಸ್ತವದಲ್ಲಿ ಅದಕ್ಕಿಂತ ಉದ್ದ ಎಳೆಯುತ್ತದೆ, ನಗದು ಪಟ್ಟಿಯಲ್ಲಿ ಆ ರೊಕ್ಕ ಬರೆಯಬೇಡಿ. ಆದರೆ ತೀರ್ಪು ಬಂದ ಮೇಲೆ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಅವರು ಮೊತ್ತದ ಶೇ 75 ಮೊದಲು ಕಟ್ಟಬೇಕು (19ನೇ ಕಲಂ). ಈ ಒಂದು ಸಾಲಿನಿಂದಲೇ ಬಹಳ ಗಿರಾಕಿಗಳು ಮಾತಿಗೆ ಬರುತ್ತಾರೆ.

ದೂರು ಬಿದ್ದುಹೋಗುವುದು ಕಾಗದದ ಕೊರತೆಯಿಂದ. ಪ್ರತಿ ಬಿಲ್ಲಿಗೂ ಪರ್ಚೇಸ್ ಆರ್ಡರ್, ಗೇಟಿನ ಸೀಲು ಬಿದ್ದ ಚಲನ್, ಇ-ವೇ ಬಿಲ್, ಅವರ ಮಾಲು ಸ್ವೀಕೃತಿ ನೋಟು ಬೇಕು. ಉದ್ಯಮ್ ನೋಂದಣಿಯ ತಾರೀಖು ಮಾಲು ಕಳಿಸಿದ ತಾರೀಖಿಗಿಂತ ಹಿಂದಿನದಾಗಿರಬೇಕು. ಬಾಕಿ ಬಿದ್ದ ಮೇಲೆ ನೋಂದಣಿ ಮಾಡಿಸಿ ಬಂದವರ ಕೇಸು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆರು ತಿಂಗಳ ಮೇಲೆ ರಿಜೆಕ್ಷನ್ ಡೆಬಿಟ್ ನೋಟು (ಮಾಲು ಸರಿಯಿಲ್ಲ ಎಂದು ಬಿಲ್ಲಿನಲ್ಲಿ ಮುರಿಯುವ ಪತ್ರ) ಕಳಿಸುತ್ತಾರೆ, ಇದು ಎಲ್ಲಕ್ಕಿಂತ ಹಳೆಯ ಆಟ. ಮಾಲು ಸೇರಿದ 15 ದಿನದೊಳಗೆ ಬರೆದು ತಕರಾರು ತೆಗೆಯದಿದ್ದರೆ, ಮಾಲು ಸೇರಿದ ದಿನವೇ ಒಪ್ಪಿದ ದಿನ ಎನ್ನುತ್ತದೆ ಕಾಯ್ದೆ. ಡೆಬಿಟ್ ನೋಟು ಬಂದ ದಿನವೇ ಮೇಲ್‌ನಲ್ಲಿ ಒಪ್ಪುವುದಿಲ್ಲ ಎಂದು ಬರೆಯಿರಿ, ಸುಮ್ಮನಿದ್ದರೆ ಒಪ್ಪಿದಂತೆ.

ಕ್ರಮ ಹೀಗಿರಲಿ. ಈ ವಾರ ಬಾಕಿ ದೃಢೀಕರಣ ಪತ್ರ ಕಳಿಸಿ, ಅವರ ಅಕೌಂಟ್ಸ್‌ನಿಂದ ಮೇಲ್‌ನಲ್ಲಾದರೂ "ಇಷ್ಟು ಕೊಡಬೇಕಾದ್ದಿದೆ" ಎಂದು ಬರೆಸಿಕೊಳ್ಳಿ. ಮೂರು ವರ್ಷದ ಕಾಲಮಿತಿಗೂ ಅದೇ ಆಧಾರ. ಎರಡನೇ ವಾರ, ಬಡ್ಡಿ ಲೆಕ್ಕ ಸಮೇತ ಪತ್ರ. ಅದರಲ್ಲಿ ಎರಡು ವಿಷಯ ಅವರ ಲೆಕ್ಕಪರಿಶೋಧಕರ ಕಣ್ಣಿಗೆ ಬೀಳುವಂತೆ ಇರಲಿ. ಒಂದು, 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಗೆ ಸೇರಿಸಿದ 43ಬಿ(ಎಚ್) ನಿಯಮ: ಅತಿಸಣ್ಣ, ಸಣ್ಣ ಉದ್ಯಮಕ್ಕೆ ಗಡುವು ದಾಟಿ ಬಾಕಿ ಇಟ್ಟ ಮೊತ್ತ, ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚಾಗಿ ಸಿಗುತ್ತದೆ. ಎರಡು, ಬಿಲ್ ತಾರೀಖಿನಿಂದ 180 ದಿನದೊಳಗೆ ಕೊಡದಿದ್ದರೆ ಅವರು ತೆಗೆದುಕೊಂಡ ಜಿಎಸ್‌ಟಿ ಕ್ರೆಡಿಟ್ಟನ್ನು ಬಡ್ಡಿ ಸಮೇತ ಹಿಂದೆ ಕಟ್ಟಬೇಕು. ನಿಮ್ಮ ಬಿಲ್ಲುಗಳು 120 ದಾಟಿವೆ. ಹೆಚ್ಚೆಂದರೆ ಇನ್ನು ಎರಡು ತಿಂಗಳು.

ಮೂರನೇ ವಾರ ಕಂತಿನ ಒಪ್ಪಂದ ಕೇಳಿ, ವಾರಕ್ಕೆ 2 ಲಕ್ಷದಂತೆ, ಹೊಸ ಮಾಲು ಮುಂಗಡಕ್ಕೆ ಮಾತ್ರ. ಒಪ್ಪದಿದ್ದರೆ ದೂರು. ದೂರು ಹಾಕಿದ ಗಿರಾಕಿ ಮತ್ತೆ ಆರ್ಡರ್ ಕೊಡುವುದು ಅಪರೂಪ. ಅದನ್ನು ಲೆಕ್ಕಕ್ಕೆ ಹಿಡಿದೇ ನಿರ್ಧರಿಸಿ. 21 ಲಕ್ಷ ಕೊಡದ ಗಿರಾಕಿಯ ಮುಂದಿನ ಆರ್ಡರ್ ಆಸ್ತಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಒಂದು ಮಾತು ಬಿಟ್ಟೆ. ಬಿಲ್ ತಡೆಯಲು ಅವರಿಗೆ ಸಿಗುವ ಸುಲಭದ ಕಾರಣ "ನಿಮ್ಮ ಬಿಲ್ ನಮ್ಮ 2ಬಿಯಲ್ಲಿ (ಜಿಎಸ್‌ಟಿ ಕ್ರೆಡಿಟ್ ಪಟ್ಟಿಯಲ್ಲಿ) ಕಾಣುತ್ತಿಲ್ಲ" ಎಂಬುದು. ವಹಿವಾಟು 5 ಕೋಟಿಯೊಳಗಿದ್ದು ಮೂರು ತಿಂಗಳಿಗೊಮ್ಮೆ ರಿಟರ್ನ್ ಆಯ್ದುಕೊಂಡಿದ್ದರೆ, ಮೊದಲೆರಡು ತಿಂಗಳ ಬಿಲ್ಲುಗಳನ್ನು ಮುಂದಿನ ತಿಂಗಳ 13ನೇ ತಾರೀಖಿನೊಳಗೆ ಜಿಎಸ್‌ಟಿ ಪೋರ್ಟಲ್‌ನ ಐಎಫ್‌ಎಫ್‌ನಲ್ಲಿ (ಬಿಲ್ ಏರಿಸುವ ಸೌಲಭ್ಯ) ಏರಿಸಿ. ಆ ಪದ್ಧತಿಯಲ್ಲಿ ತಿಂಗಳ ತೆರಿಗೆ ಕಟ್ಟುವಾಗ ಹಿಂದಿನ ತ್ರೈಮಾಸಿಕದ ಶೇ 35ರ ಸಿದ್ಧ ಮೊತ್ತ ಬೇಡ. ಮಾರಾಟ ಇಳಿದಾಗ ಅದು ಹೆಚ್ಚಾಗುತ್ತದೆ. ಸ್ವಂತ ಲೆಕ್ಕದ ವಿಧಾನ ಆರಿಸಿ.

---

ಚಕ್_ಮತ್ತು_ಟರೆಟ್:

ನಮಸ್ಕಾರ್ರಿ. ಬ್ಯಾಂಕು, ಕಾಯ್ದೆ ಮೇಲಿನವರು ಚಲೋ ಹೇಳ್ಯಾರ. ನಾ ಶೆಡ್ಡಿನೊಳಗಿನ ಲೆಕ್ಕ ಹೇಳ್ತೀನಿ.

ಮಂದಿ ತೆಗಿಯೂದು: ಮೂರು ಮಂದಿ ತೆಗದ್ರ ತಿಂಗಳಿಗೆ 67 ಸಾವಿರ ಉಳಿತೈತಿ ಅನ್ನಿಸ್ತೈತಿ, ನಿಮ್ಮ ಕೊರತಿ ಅಷ್ಟ ಐತಿ. ಆದ್ರ ತೆಗಿಯೂ ಖರ್ಚು ಹಿಡೀರಿ. 20 ಸಾವಿರ ಪಗಾರದಂವ, ಎಂಟು ವರ್ಷ ತುಂಬೇತಿ ಅನ್ರಿ. ಒಂದು ತಿಂಗಳ ನೋಟಿಸ್ 20 ಸಾವಿರ. ತುಂಬಿದ ವರ್ಷಕ್ಕ 15 ದಿನದಂಗ ಪರಿಹಾರ 80 ಸಾವಿರ. 10 ಮಂದಿ ಇರೂ ಕಡೆ ಗ್ರಾಚ್ಯುಟಿ ಬರ್ತೈತಿ, 26ಕ್ಕ 15ರ ಲೆಕ್ಕದಾಗ 92 ಸಾವಿರ. ಕೂಡಿಸಿದ್ರ 1.92 ಲಕ್ಷ, ಅಂದ್ರ ಒಂಬತ್ತೂವರಿ ತಿಂಗಳ ಪಗಾರ ಒಮ್ಮೆಲೆ. ರೊಕ್ಕ ಇಲ್ಲದ ಹೊತ್ತಿನ್ಯಾಗ ಇದು ಉಳಿತಾಯ ಅಲ್ಲ. ಆರ್ಡರ್ ತಿರುಗಿ ಬಂದಾಗ ಸೆಟ್ಟರ್ ಸಿಗೂದಿಲ್ಲ, ಹೊಸಬರು ಕೈ ಕೂಡಿಸೂತನಕ ರಿಜೆಕ್ಷನ್ ಬ್ಯಾರೆ. ಓವರ್‌ಟೈಮ್ ಪೂರಾ ಬಂದ್ ಮಾಡ್ರಿ, ಎರಡನೇ ಶಿಫ್ಟ್ ತೆಗದು ಎಲ್ಲಾ ಹಗಲಿಗೆ ತರ್ರಿ, ಒಬ್ಬ ಆಪರೇಟರ್‌ಗೆ ಎರಡು ಮಷಿನ್ ನೋಡೂದು ಕಲಿಸ್ರಿ. ವಾರಕ್ಕ ಐದು ದಿನ ಕೆಲಸ ಅಂತ ಎಲ್ಲಾರೂ ಒಪ್ಪಿದ್ರ ಬರದು ಸಹಿ ತಗೋರಿ. ಎಲ್ಲಾರನ್ನೂ ಕೂರಿಸಿ ಅಂಕಿ ತೋರಿಸಿದ್ರ ಮಂದಿ ತಿಳ್ಕೋತಾರ.

ಹಳೇ ಸಿಎನ್‌ಸಿ ಮಾರೂದು: ಅದು ಬ್ಯಾಂಕಿಗೆ ಹೈಪೊಥಿಕೇಶನ್ (ಸಾಲಕ್ಕ ಆಧಾರ) ಆಗಿದ್ರ ಬ್ಯಾಂಕಿನ ಎನ್‌ಒಸಿ ಇಲ್ಲದ ಮಾರೂ ಹಂಗಿಲ್ಲ, ಬಂದ ರೊಕ್ಕ ಸಾಲಕ್ಕ ಹೋಗ್ತೈತಿ, ಮ್ಯಾಲೆ ಜಿಎಸ್‌ಟಿ. ಮಾರ್ಕೆಟ್ ಬಿದ್ದಾಗ ಎಲ್ಲಾರೂ ಮಾರಾಕ ನಿಂತಿರ್ತಾರ, ರೇಟ್ ಸಿಗೂದಿಲ್ಲ. ಸ್ಪಿಂಡಲ್ ಆಟ ಬಂದು ಮೈಕ್ರಾನ್ ಹಿಡೀದಂಥ ಮಷಿನ್ ಇದ್ರ ಮಾತ್ರ ವಿಚಾರ ಮಾಡ್ರಿ.

ಕಡಿಮಿ ರೇಟಿನ ಕೆಲಸ: ಇದರಾಗ ಲೆಕ್ಕ ಮುಖ್ಯ. ಉದಾಹರಣಿಗೆ ನಿಮ್ಮ ರೇಟ್ ತಾಸಿಗೆ 350 ಅನ್ರಿ. ಮಷಿನ್ ಓಡಿದ್ರ ಮಾತ್ರ ಬರೂ ಖರ್ಚು: ಕರೆಂಟ್ 5 ಯೂನಿಟ್ಟಿಗೆ ಸುಮಾರು 38, ಇನ್ಸರ್ಟ್-ಕೂಲಂಟ್ 45, ಟೆಂಪೋ 10, ರಿಜೆಕ್ಷನ್ 7. ಒಟ್ಟು ನೂರು. ಪಗಾರ, ಬಾಡಿಗಿ ಮಷಿನ್ ನಿಂತ್ರೂ ಬರ್ತಾವ. ಅಂದ್ರ ನಿಂತ ಮಷಿನ್ನಿಗೆ 250ರ ಕೆಲಸ ಬಂದ್ರ ತಾಸಿಗೆ 150 ಕೈಗೆ ಉಳಿತೈತಿ. ದಿನಕ್ಕ 7 ತಾಸು, ತಿಂಗಳಿಗೆ 25 ದಿನ ಓಡಿದ್ರ ಒಂದು ಮಷಿನ್ನಿನಿಂದ 26 ಸಾವಿರ. ಹಿಡೀರಿ, ಆದ್ರ ಮೂರು ಕರಾರಿನ ಮ್ಯಾಲೆ. ಈಗಿನ ಗಿರಾಕಿಗೆ ಸಂಬಂಧ ಇಲ್ಲದ ಬ್ಯಾರೆ ಪಾರ್ಟ್ ಇರಬೇಕು, ಇಲ್ಲಾಂದ್ರ ಅದೇ ನಿಮ್ಮ ರೇಟ್ ಅಂತ ಊರೆಲ್ಲಾ ಹಬ್ಬತೈತಿ. ಕೊಟೇಶನ್ ಮ್ಯಾಲೆ "ಮೂರು ತಿಂಗಳಿಗೆ ಮಾತ್ರ" ಅಂತ ಬರೀರಿ. ಪೇಮೆಂಟ್ 15 ದಿನಕ್ಕ.

ಪೇಮೆಂಟ್ ದಿನದ ಮಾತು ಯಾಕಂದ್ರ: 350ರ ಬಿಲ್ 105 ದಿನ ತಡಾ ಆದ್ರ ಶೇ 14ರಂಗ ಬಡ್ಡಿ ಬರೇ 14 ರೂಪಾಯಿ. ಬಡ್ಡಿ ನೋಡಿದ್ರ ಉದ್ರಿಯ ಹೆಚ್ಚಿನ ರೇಟ ಚಲೋ ಕಾಣ್ತೈತಿ. ಆದ್ರ ಮ್ಯಾಲೆ ಸರ್ ಹೇಳಿದಂಗ 90 ದಿನ ದಾಟಿದ ಬಿಲ್ ಡ್ರಾಯಿಂಗ್ ಪವರ್‌ನಾಗ ಸೊನ್ನಿ. ಅದಕ್ಕ ಉದ್ರಿಯ 350ಕ್ಕಿಂತ ರೋಖ 250 ದೊಡ್ಡದು.

ಕರೆಂಟ್: ಹೆಸ್ಕಾಂ ಬಿಲ್ಲಿನ್ಯಾಗ ಮಂಜೂರಾದ ಲೋಡ್ ಎಷ್ಟೈತಿ, ದಾಖಲಾದ ಡಿಮ್ಯಾಂಡ್ ಎಷ್ಟೈತಿ ಆರು ತಿಂಗಳದ್ದು ನೋಡ್ರಿ. ಭಾಳ ಅಂತರ ಇದ್ರ ಲೋಡ್ ಇಳಿಸಾಕ ಅರ್ಜಿ ಕೊಡ್ರಿ, ಫಿಕ್ಸೆಡ್ ಚಾರ್ಜ್ ಇಳಿತೈತಿ. ಮತ್ತ ಏರಿಸೂವಾಗ ಠೇವಣಿ, ಶುಲ್ಕ ಬರ್ತಾವ, ಅದಕ್ಕ ಪೂರಾ ಕೆಳಗ ಒಯ್ಯಬ್ಯಾಡ್ರಿ. ಪವರ್ ಫ್ಯಾಕ್ಟರ್ ದಂಡ ಬಿಲ್ಲಿನ್ಯಾಗ ಕಂಡ್ರ ಒಂದು ಕೆಪ್ಯಾಸಿಟರ್ ಸತ್ತೈತಿ ಅಂತ ತಿಳೀರಿ. ಆಮ್ಯಾಲ ರವಿವಾರ ಮಷಿನ್ ಎಲ್ಲಾ ಬಂದ್ ಮಾಡಿ ಕಂಪ್ರೆಸರ್ ಒಂದನ್ನ ಹಚ್ರಿ. ಗಾಳಿ ಯಾರೂ ಬಳಸದಿದ್ರೂ ಅದು ಲೋಡ್ ತಗೋತದ ಅಂದ್ರ ಅಷ್ಟೂ ಸೋರಿಕಿ. 7 ಬಾರ್‌ಗೆ 3 ಮಿಲಿಮೀಟರ್ ತೂತು ಒಂದಿದ್ರ 3ರಿಂದ 4 ಕಿಲೋವ್ಯಾಟ್ ತಿಂತೈತಿ. ದಿನಕ್ಕ 10 ತಾಸಿನಂಗ ತಿಂಗಳಿಗೆ 900 ಯೂನಿಟ್. ಸಾಬೂನು ನೀರು ಹಚ್ಚಿ ಕಪ್ಲಿಂಗ್, ಏರ್ ಗನ್ ಪೈಪು ನೋಡಿದ್ರ ಎರಡು ತಾಸಿನ ಕೆಲಸ.

ಹೊಸ ಕೆಲಸ ಎಲ್ಲಿ ಅಂದ್ರ, ನಮ್ಮ ಬೆಳಗಾವಿ, ಬಾಗಲಕೋಟಿ ಕಡೆ ಸಕ್ಕರಿ ಕಾರ್ಖಾನಿ ಏನು ಕಡಿಮಿ ಅದಾವ? ಕಬ್ಬು ಅರಿಯೂದು ಮುಗದ ಮ್ಯಾಲೆ ಬ್ಯಾಸಿಗಿಯಿಂದ ರಿಪೇರಿ ಹಂಗಾಮು: ಪಂಪ್ ಸ್ಲೀವ್, ಶಾಫ್ಟ್, ಬುಷ್, ಚೈನ್ ಪಿನ್. ರಬಕವಿ-ಬನಹಟ್ಟಿ ಕಡೆ ಮಗ್ಗದ ಬಿಡಿಭಾಗ ಸಣ್ಣ ಲಾಟ್, ಆದ್ರ ರೋಖ. ಸಕ್ಕರಿ ಕಾರ್ಖಾನಿ ರೊಕ್ಕ ಸಾಮಾನ್ಯವಾಗಿ ಮುಂದಿನ ಹಂಗಾಮು ಸುರು ಆದ ಮ್ಯಾಲೆ ಬರ್ತೈತಿ, ಅದಕ್ಕ ಅರ್ಧ ಮುಂಗಡ ಇಲ್ಲದ ಮಾಲು ಖರೀದಿ ಮಾಡಬ್ಯಾಡ್ರಿ.

---

ಠೇವಣಿ_ಮತ್ತು_ಬಂಗಾರ:

7 ಲಕ್ಷದ ಠೇವಣಿ ಬಗ್ಗೆ ಯಾರೂ ಹೇಳಿಲ್ಲ. ನನಗೆ ಅತಿ ಹೆಚ್ಚು ಆತಂಕ ಅದರ ಬಗ್ಗೆಯೇ.

ನಮ್ಮ ಭಾಗದಲ್ಲಿ ಆಪತ್ತಿನ ರೊಕ್ಕ ಪತ್ತಿನ ಸೊಸೈಟಿ, ಸೌಹಾರ್ದಗಳಲ್ಲಿ ಇಡುವುದು ರೂಢಿ. ಬಡ್ಡಿ ಒಂದೆರಡು ಪಾಯಿಂಟ್ ಹೆಚ್ಚು, ಪರಿಚಯದವರು. ಆದರೆ 5 ಲಕ್ಷದ ಠೇವಣಿ ವಿಮೆ ಬ್ಯಾಂಕುಗಳಿಗೆ ಮಾತ್ರ: ವಾಣಿಜ್ಯ ಬ್ಯಾಂಕ್, ಗ್ರಾಮೀಣ ಬ್ಯಾಂಕ್, ನಗರ ಸಹಕಾರಿ ಬ್ಯಾಂಕ್, ಡಿಸಿಸಿ ಬ್ಯಾಂಕ್. ಪತ್ತಿನ ಸಹಕಾರಿ ಸಂಘಕ್ಕಿಲ್ಲ, ಸೌಹಾರ್ದ ಸಹಕಾರಿಗಿಲ್ಲ, ಬೋರ್ಡ್ ಎಷ್ಟೇ ದೊಡ್ಡದಿರಲಿ. ಬ್ಯಾಂಕಿನಲ್ಲೂ ಅಸಲು-ಬಡ್ಡಿ ಸೇರಿ, ಎಲ್ಲ ಶಾಖೆ ಕೂಡಿಸಿ, ಒಬ್ಬರಿಗೆ 5 ಲಕ್ಷ. ಮಾರುಕಟ್ಟೆ ಬಿದ್ದ ವರ್ಷ ಸೊಸೈಟಿಯಿಂದ ಸಾಲ ಪಡೆದ ಅಂಗಡಿಕಾರರೂ ಕಟ್ಟುವುದಿಲ್ಲ, ಠೇವಣಿದಾರರೂ ಒಟ್ಟಿಗೆ ಬರುತ್ತಾರೆ. ನಿಮಗೆ ರೊಕ್ಕ ಬೇಕಾದ ದಿನ ಅವರಿಗೂ ಇಕ್ಕಟ್ಟಿನ ದಿನವೇ ಆಗಿರುತ್ತದೆ.

ಅವಧಿಗೆ ಮುಂಚೆ ಮುರಿದರೆ ಬಡ್ಡಿ ಎಷ್ಟು ಕಡಿಮೆ ಮಾಡುತ್ತಾರೆ ಕೇಳಿ, ಮುರಿಯಿರಿ. 6 ಲಕ್ಷ ಕೊಟ್ಟು ಶೇ 14ರ ಬಂಗಾರದ ಸಾಲ ಮುಗಿಸಿ. ತಿಂಗಳಿಗೆ 7 ಸಾವಿರ ಬಡ್ಡಿ ಉಳಿಯುತ್ತದೆ, ಹೋಗುವ ಠೇವಣಿ ಬಡ್ಡಿ 4,500. ಲಾಭ ಎರಡೂವರೆ ಸಾವಿರವಷ್ಟೇ, ಆದರೆ ಬಂಗಾರ ಮನೆಗೆ ಬಂತು. ಅದು ನಿಮ್ಮ ನಿಜವಾದ ಆಪತ್ತಿನ ನಿಧಿ. ಬೇಕಾದ ದಿನ ಬ್ಯಾಂಕಿನಲ್ಲಿಟ್ಟರೆ ಅದೇ ದಿನ ಸಾಲ, ಬಡ್ಡಿಯೂ ಕಡಿಮೆ.

---

ಸಾಲವಿಭಾಗ_ನಿವೃತ್ತ:

ಮೇಲಿನವರ ಮಾತಿಗೆ ಒಪ್ಪಿಗೆ, ಒಂದು ತಿದ್ದುಪಡಿ. ಪೂರ್ತಿ 6 ಲಕ್ಷ ಒಂದೇ ದಿನ ಖಾಲಿ ಮಾಡಬೇಡಿ. ಬಂಗಾರ ಎರಡು ಪೊಟ್ಟಣದಲ್ಲಿ, ಎರಡು ಖಾತೆಯಲ್ಲಿ ಇದ್ದರೆ ಒಂದನ್ನು ಈಗ ಬಿಡಿಸಿ, ಉಳಿದ ರೊಕ್ಕ ಎರಡು ತಿಂಗಳ ಪಗಾರದಷ್ಟು ಬ್ಯಾಂಕಿನಲ್ಲಿರಲಿ. ಆ ರೊಕ್ಕ ಸಿಸಿ ಖಾತೆಗೆ ಮಾತ್ರ ಹಾಕಬೇಡಿ. ಬಡ್ಡಿ ಉಳಿಯುತ್ತದೆ ಅಂತ ಹಾಕುತ್ತಾರೆ, ಡ್ರಾಯಿಂಗ್ ಪವರ್ ಇಳಿದ ಖಾತೆಯಿಂದ ಅದು ಹೊರಗೆ ಬರುವುದಿಲ್ಲ, ಪಗಾರದ ದಿನ ಚೆಕ್ ವಾಪಸ್. ಸಾಲ ಇರುವ ಬ್ಯಾಂಕಿನಲ್ಲೇ ಎಫ್‌ಡಿ ಮಾಡಿದರೂ ಅದನ್ನು ಸಾಲಕ್ಕೆ ಮುರಿದುಕೊಳ್ಳುವ ಹಕ್ಕು ಅವರಿಗಿದೆ.

---

ಇಳಕಲ್_ಸೀರೆ_ಅಂಗಡಿ:

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನೇಕಾರರಿಂದ ಸೀರೆ ಕೊಂಡು ಹೊರಊರಿನ ಅಂಗಡಿಗಳಿಗೆ ಉದ್ರಿ ಕೊಡುತ್ತೇವೆ. ಉದ್ಯಮ್ ನೋಂದಣಿ ಇದೆ. ಈ 45 ದಿನದ ನಿಯಮ ನಮಗೂ ಸಿಗುತ್ತದೆಯೆ?

---

ಕಾಯ್ದೆ_ಲೆಕ್ಕ_ಗೋಕಾಕ:

ಸಿಗುವುದಿಲ್ಲ. ವ್ಯಾಪಾರಿಗಳ ಉದ್ಯಮ್ ನೋಂದಣಿ ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. ತಡ ಪಾವತಿಯ ರಕ್ಷಣೆ ತಯಾರಿಸುವವರಿಗೆ, ಸೇವೆ ಕೊಡುವವರಿಗೆ. ನಿಮಗೆ ಬರೆದ ಕರಾರು, ಬಿಲ್ಲಿನ ಮೇಲೆ ಬಡ್ಡಿಯ ಷರತ್ತು, ಮುಂದಿನ ತಾರೀಖಿನ ಚೆಕ್ ಇವೇ ಆಧಾರ. ನೀವೇ ನೂಲು ಕೊಟ್ಟು ನೇಯಿಸುತ್ತಿದ್ದರೆ ವಿಷಯ ಬೇರೆ. ನೋಂದಣಿಯಲ್ಲಿ ತಯಾರಿಕೆಯ ಕೋಡ್ ಇದೆಯೆ ನೋಡಿಕೊಳ್ಳಿ. ಇನ್ನೊಂದು ಕಡೆಯಿಂದ ನೋಡಿ: ನೋಂದಣಿ ಇರುವ ನೇಕಾರರಿಗೆ ನೀವು ತಡ ಮಾಡಿದರೆ ಅದೇ ನಿಯಮ ನಿಮಗೆ ತಗಲುತ್ತದೆ.

---

ವಿಮೆ_ಬಾಗಲಕೋಟೆ:

ಚಿಕ್ಕ ಮಾತು. ಖರ್ಚು ಕಡಿತದಲ್ಲಿ ಬೆಂಕಿ ವಿಮೆ ಕೈಬಿಡಬೇಡಿ. ಶೆಡ್ಡಿನಲ್ಲಿ ಬೇರೆಯವರ ಕಾಸ್ಟಿಂಗ್ ಇರುತ್ತವೆ; ಪಾಲಿಸಿಯಲ್ಲಿ "ನಂಬಿಕೆಯ ಮೇಲೆ ಇಟ್ಟುಕೊಂಡ ಮಾಲು" ಸೇರಿಸದಿದ್ದರೆ ಅವುಗಳ ನಷ್ಟ ನಿಮ್ಮ ತಲೆಗೆ. 2019ರ ಆಗಸ್ಟ್ ನೆರೆಯಲ್ಲಿ ಬೆಳಗಾವಿ, ಬಾಗಲಕೋಟೆ ಎರಡೂ ಜಿಲ್ಲೆ ಮುಳುಗಿದ್ದು ನೆನಪಿರಲಿ, ನೆರೆಯ ರಕ್ಷಣೆ ಇದೆಯೆ ಓದಿ. ಮೊತ್ತ ಕಡಿಮೆ ಬರೆಸಿ ಪ್ರೀಮಿಯಂ ಉಳಿಸಲು ಹೋದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತದೆ. 5 ಕೋಟಿವರೆಗಿನ ಆಸ್ತಿಗೆ 2021ರಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ ಇದೆ, ಅದರಲ್ಲಿ ಶೇ 15ರವರೆಗಿನ ಕೊರತೆಯನ್ನು ಮನ್ನಿಸುತ್ತಾರೆ.

---

ಟರ್ನಿಂಗ್_ಉದ್ಯಮಬಾಗ:

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. 13 ವಾರದ ಪಟ್ಟಿ ಹಾಕಲು ಕೂತಿದ್ದೇನೆ. ಎರಡು ಪ್ರಶ್ನೆ ಉಳಿದಿವೆ. ಪಟ್ಟಿಯಲ್ಲಿ ಬರಬೇಕಾದ ರೊಕ್ಕವನ್ನು ಯಾವ ತಾರೀಖಿಗೆ ಬರೆಯಬೇಕು? ಹಾಗೂ ಟ್ರೆಡ್ಸ್ ಎಂಬ ವೇದಿಕೆಯಲ್ಲಿ ಬಿಲ್ ಹಾಕಿ ರೊಕ್ಕ ಪಡೆಯಬಹುದು ಅನ್ನುತ್ತಾರೆ. ಪುಣೆಯ 21 ಲಕ್ಷವನ್ನು ಅಲ್ಲಿ ಹಾಕಬಹುದೆ?

---

ಸಾಲವಿಭಾಗ_ನಿವೃತ್ತ:

ಬಿಲ್ಲಿನ ಗಡುವಿನ ತಾರೀಖಿಗೆ ಬರೆಯಬೇಡಿ. ಆ ಗಿರಾಕಿ ಹಿಂದಿನ ಐದಾರು ಬಿಲ್ಲು ಎಷ್ಟು ದಿನಕ್ಕೆ ಕೊಟ್ಟ ಎಂದು ನೋಡಿ, ಸರಾಸರಿಗೆ ಒಂದು ವಾರ ಕೂಡಿಸಿ ಆ ವಾರಕ್ಕೆ ಬರೆಯಿರಿ. ಪುಣೆಯದ್ದು ಸೊನ್ನೆ. ಕೊಡುವ ಕಡೆ ತಾರೀಖು ಬದಲಾಗದವು ಮೊದಲು: ಕಂತು, ಪಗಾರ, 15ಕ್ಕೆ ಇಎಸ್‌ಐ, 20ಕ್ಕೆ ಜಿಎಸ್‌ಟಿ, ಹೆಸ್ಕಾಂ. ಬಿಲ್ಲಿನಲ್ಲಿ ಬರುವ ಜಿಎಸ್‌ಟಿಯನ್ನು ಆದಾಯ ಅಂತ ಬರೆದು ಖರ್ಚು ಮಾಡಿಬಿಡುವುದು ಈ ಪಟ್ಟಿಯ ಸಾಮಾನ್ಯ ತಪ್ಪು; ಪುಣೆಯ 21 ಲಕ್ಷ ತೆರಿಗೆ ಸೇರಿದ ಮೊತ್ತವಾದರೆ, ಶೇ 18ರಂತೆ ಅದರಲ್ಲಿ 3.20 ಲಕ್ಷ ತೆರಿಗೆ. ನಿಮ್ಮ ಖರೀದಿಯ ಕ್ರೆಡಿಟ್ ಕಳೆದು ಉಳಿದದ್ದನ್ನು ರೊಕ್ಕ ಬರುವ ಮೊದಲೇ ಕಟ್ಟಿಯಾಗಿದೆ. ಪ್ರತಿ ಸೋಮವಾರ ಹಿಂದಿನ ವಾರದ ನಿಜ ಅಂಕಿ ಹಾಕಿ, ಕೊನೆಗೆ ಹೊಸದೊಂದು ವಾರ ಸೇರಿಸಿ.

ಟ್ರೆಡ್ಸ್‌ಗೆ ಗಡುವು ದಾಟಿದ ಬಿಲ್ ನಡೆಯುವುದಿಲ್ಲ, ಗಿರಾಕಿ ಒಪ್ಪಿದ ಹೊಸ ಬಿಲ್ ಮಾತ್ರ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಅಲ್ಲಿ ನೋಂದಾಯಿಸಿಕೊಳ್ಳಬೇಕಿತ್ತು; ನಿಮ್ಮ ಗಿರಾಕಿಗಳಲ್ಲಿ ಯಾರಿದ್ದಾರೆ ಕೇಳಿ. ರೊಕ್ಕ ಕೊಟ್ಟವರು, ಗಿರಾಕಿ ಕಟ್ಟದಿದ್ದರೆ ನಿಮ್ಮ ಹತ್ತಿರ ವಾಪಸ್ ಬರುವುದಿಲ್ಲ, ಅದೇ ಅದರ ದೊಡ್ಡ ಗುಣ. ಆದರೆ ನಿಮ್ಮ ಎಲ್ಲ ಬಾಕಿಯ ಮೇಲೆ ಸಿಸಿ ಬ್ಯಾಂಕಿನ ಹಕ್ಕು ಇದೆ, ಅವರ ಎನ್‌ಒಸಿ ಮೊದಲು ಪಡೆಯಿರಿ. ಅಲ್ಲಿ ಹಾಕಿದ ಬಿಲ್ಲನ್ನು ಆ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್‌ನಿಂದ ತೆಗೆಯಲು ನಿಮ್ಮ ಲೆಕ್ಕದವರಿಗೆ ಈಗಲೇ ಹೇಳಿಡಿ. ಒಂದೇ ಬಿಲ್ ಎರಡು ಕಡೆ ಕಂಡರೆ ಉಳಿದ ಎಲ್ಲ ಕಾಗದದ ಮೇಲೂ ಅನುಮಾನ ಬರುತ್ತದೆ.